ಯಾರ ಮನೆಯ ಹೊಲಸು

ಪರದೇಶದ ಆ ಊರಿನಲ್ಲಿ ಒಣಕಸಕ್ಕೆ ಊಟದ ಮುಸುರೆ ಬೆರೆತಿದ್ದರೆ ಗಾಡಿಯವರು ಒಯ್ಯುವುದಿಲ್ಲ. ಇಡೀ ಕಟ್ಟಡಕ್ಕಿದ್ದ ಒಂದೇ ಡಬ್ಬಿಗೆ ಕೆಂಪು ಚೀಟಿ ಅಂಟಿಸಿ ಹೋಗಿದ್ದರು. ಬಿಸಿಲಿಗೆ ಅದು ಗಬ್ಬೆದ್ದು, ಮುಚ್ಚಳದ ಸಂದಿಯಿಂದ ಹುಳ ಇಳಿಯುತ್ತಿದ್ದವು.

“ಇದು ನಿಮ್ಮ ಮನೆಯ ವಾಸನೆ,” ಎಂದು ಕೆಳಮನೆಯ ಮುದುಕಿ ಮೇಲ್ಮನೆಯ ಗಂಡ-ಹೆಂಡತಿಗೆ ಮೂಗು ಮುಚ್ಚಿಕೊಂಡೇ ಹೇಳಿದಳು.

“ಥೂ! ತಾ ಹೊಲಸು ಮಾಡಿ ನಮ್ಮ ಮ್ಯಾಲೆ ಹಾಕ್ತಾಳ್ರೀ!” ಹೆಂಡತಿ ಕೈಗವಸು ಹಾಕಿಕೊಂಡಳು. “ಆಕಿ ಮುಂದನ ತೆಗದು ತೋರಸ್ತೀನಿ, ಯಾರ ಮನೀದಂತ.”

“ಬ್ಯಾಡ ಬಿಡು, ಹೇಸಿಗಿ,” ಎಂದ ಗಂಡ. “ಆಮ್ಯಾಲೆ ನಾನ ತೊಳೀತೀನಿ.”

“ನೀವ್ಯಾಕ ತೊಳೀಬೇಕು? ನಾವೇನ್ ಹಾಕೀವೇನು?”

ಅವಳು ಡಬ್ಬಿಯನ್ನು ಅಂಗಳದಲ್ಲಿ ಬೋರಲು ಹಾಕಿದಳು. ಕಪ್ಪು ರೊಚ್ಚೆಯಲ್ಲಿ ಹುಳ ಮಿಜಿಗುಡುತ್ತಿದ್ದವು. ಕೋಲಿನಿಂದ ಕೆದಕಿದಳು.

ಒಂದರ ಹಿಂದೊಂದು ಫಾಯಿಲ್ ಪೊಟ್ಟಣಗಳು ಹೊರಬಿದ್ದವು. ಗಂಡನ ಬುತ್ತಿಗೆಂದು ದಿನಾ ಮುಂಜಾನೆ ಅವಳೇ ಬೀಡಾದಂತೆ ಮಡಚಿ ಕೊಟ್ಟ ರೊಟ್ಟಿ-ಪಲ್ಯ. ಒಂದನ್ನೂ ಬಿಚ್ಚಿರಲಿಲ್ಲ.

“ಇವತ್ತಿನ ರೊಟ್ಟಿ ಭಾಳ ಮೆತ್ತಗ ಇದ್ವು,” ಎಂದು ನಿನ್ನೆ ಸಂಜೆಯೂ ಅವನು ಹೇಳಿದ್ದ.