ಅಳತೆ ಕೊಟ್ಟ ಮಧ್ಯಾಹ್ನ

ಡಬ್ಬಿಗೆ ಸಾಸಿವೆ ಸುರಿಯುವಾಗಲೆಲ್ಲ ಧನಕವಡಿಯ ಮನೆಯ ಆ ಮಧ್ಯಾಹ್ನ ಇಂದಿಗೂ ನನ್ನ ಕಣ್ಣೆದುರು ಬರುತ್ತದೆ.

ಆಗ ನಾನು ಮೂರನೆಯ ತರಗತಿಯಲ್ಲಿದ್ದೆ. ನಮ್ಮ ಮೌಶಿ, ಅಂದರೆ ಅವ್ವನ ತಂಗಿ, ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಕ್ಯಾನ್ಸರ್ ಆಗಿ ಅವಳ ಎಡಗಡೆಯ ಎದೆಯನ್ನು ತೆಗೆದಿದ್ದರು. ಮನೆಗೆ ಬಂದ ಮೇಲೆ ಅವಳು ತನ್ನ ಬ್ಲೌಸಿನ ಒಳಗೆ ಮೆತ್ತನೆಯ ಮಲ್‌ಮಲ್ ಬಟ್ಟೆಯ ಚೀಲ ಹೊಲಿದು ಹತ್ತಿ ತುಂಬಿದಳು. ಹತ್ತಿ ಹಗುರ, ಕೈ ಎತ್ತಿದರೆ ಸಾಕು, ಚೀಲ ಕೊರಳ ಕಡೆ ಏರುತ್ತಿತ್ತು. ಭಾರಕ್ಕೆಂದು ಕೊನೆಗೆ ಸಾಸಿವೆ ಸೇರಿಸಿದಳು.

"ಒಗ್ಗರಣಿ ಎದಿಗೇ ಬಂತು ನೋಡವಾ," ಎಂದು ನಕ್ಕಿದ್ದಳು. ಅವ್ವ ನಗಲಿಲ್ಲ.

ಆ ಮಧ್ಯಾಹ್ನ ಪಕ್ಕದ ಬಿಲ್ಡಿಂಗಿನ, ಬಿಜಾಪುರ ಕಡೆಯ ಹೆಂಗಸೊಬ್ಬರು ಅಂಥ ಬ್ಲೌಸಿನ ಬಗ್ಗೆ ವಿಚಾರಿಸಲು ಬಂದರು. ಸೋಮವಾರ ಅವರ ಆಪರೇಷನ್ ಇತ್ತು. ಸೆರಗನ್ನು ಎರಡೂ ಕೈಯಿಂದ ಹಿಡಿದುಕೊಂಡೇ ಕೂತಿದ್ದರು.

"ಗಂಟಷ್ಟಽ ತಗೀತಾರಂತ ನಮ್ಮವರು ಅಂತಾರ್ರಿ. ಬೇಕಾತಂದ್ರ ಆಮ್ಯಾಲ ಅಳತಿ ಕೊಡ್ತೀನಿ."

"ನನಗೂ ಡಾಕ್ಟರು ಹಂಗಽ ಹೇಳಿದ್ರು ಅಕ್ಕಾರ," ಎಂದಳು ಮೌಶಿ.

ಕೊರಳಲ್ಲಿದ್ದ ಟೇಪನ್ನು ಕೈಗೆ ತೆಗೆದುಕೊಂಡು ಅವಳೇ ಮುಂದುವರಿಸಿದಳು.

"ಯಾರದೂ ಎರಡೂ ಕಡೆ ಒಂದಽ ಅಳತಿ ಇರೂದಿಲ್ರಿ. ಇಷ್ಟು ವರ್ಷ ಊರ ಮಂದೀದೆಲ್ಲಾ ಅಳದೆ, ನಂದು ಅಳಕೋಬೇಕಂತ ತಿಳೀಲಿಲ್ಲ. ಹೋದದ್ದನ್ನ ಎಲ್ಲಿಂದ ಅಳೀಲಿ? ಈಗಽ ಕೊಟ್ಟಬಿಡ್ರಿ. ಬ್ಯಾಡಾತಂದ್ರ ಭಾಳ ಚಲೋ ಆತು."

ಮೌಶಿ ನನಗೆ ಬಾಗಿಲು ಮುಚ್ಚಲು ಹೇಳಿದಳು. ಚಿಲಕ ಹಾಕಿ ತಿರುಗಿದಾಗ ಹೆಂಗಸು ಸೆರಗು ಬಿಟ್ಟು ನಿಂತಿದ್ದರು. ಮೌಶಿ ಟೇಪು ಸುತ್ತಿ ಅಳತೆ ನೋಡಿದಳು. ನೋಡಿಯಾದ ಮೇಲೂ ಟೇಪು ಸಡಿಲಿಸದೆ ಹಾಗೇ ಹಿಡಿದು ನಿಂತಳು.