ಖಾಲಿ ಬಿಟ್ಟ ಎರಡು ಸಾಲು

"ಅಪ್ಪ, ಇದು ನಿನ್ನ ಅಕ್ಷರ ತಾನೆ?"

ಮಾನಸ ಮೊಬೈಲನ್ನು ಅಪ್ಪನ ಕಣ್ಣಿನ ಮುಂದೆ ಹಿಡಿದಳು. ಪೊಲೀಸ್ ಠಾಣೆಯ ದಿನಚರಿ ಪುಸ್ತಕದ ಒಂದು ಪುಟದ ಫೋಟೊ. ಮಹದೇವು ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದರು. ನಂಜನಗೂಡಿಗೆ ಹೊರಟ ಹೆಂಡತಿ, ತಾನು ಬರುವಷ್ಟರಲ್ಲಿ ಪಾತ್ರೆ ಖಾಲಿಯಾಗಿರಬೇಕು ಎಂದು ಹೇಳಿ ಹೋಗಿದ್ದಳು.

"ಇನ್ಯಾರ್ದು? ಆ ಠಾಣೇಲಿ ನನ್ನಷ್ಟು ದುಂಡಗೆ ಬರೆಯೋರು ಯಾರವ್ರೆ?" ಅಂದುಬಿಟ್ಟರು. ಹೆಮ್ಮೆ ಮೊದಲು ಬಂತು, ಭಯ ಆಮೇಲೆ.

ಮೂವತ್ತೊಂದು ವರ್ಷದ ಪೊಲೀಸ್ ನೌಕರಿಯಲ್ಲಿ ಅವರು ಲಾಠಿ ಹಿಡಿದದ್ದು ಕಡಿಮೆ, ಪೆನ್ನು ಹಿಡಿದದ್ದೇ ಹೆಚ್ಚು. ಠಾಣೆಯ ರೈಟರ್. ನಿವೃತ್ತಿಯಾಗಿ ನಾಲ್ಕು ತಿಂಗಳು. ಮಗಳು ಸಂಜೆ ಪತ್ರಿಕೆಯೊಂದರ ವರದಿಗಾರ್ತಿಯಾದಾಗ ಬರೆಯುವುದು ನಮ್ಮ ಮನೆಯ ಕಸುಬು ಎಂದು ಸರಸ್ವತಿಪುರಂ ತುಂಬಾ ಹೇಳಿಕೊಂಡು ತಿರುಗಿದ್ದರು. ಈಗ ಹಾಗೆ ಹೇಳಿಕೊಳ್ಳುವ ಕಾಲವಲ್ಲ. ಬಂಧಿತರ ಬಗ್ಗೆ ಅನುಮತಿಯಿಲ್ಲದೆ ಬರೆದವರನ್ನೂ ಬಂಧಿಸಬಹುದು ಎಂದು ಸರ್ಕಾರ ಆಜ್ಞೆ ಹೊರಡಿಸಿತ್ತು. ಇಬ್ಬರು ಸಂಪಾದಕರು ಆಗಲೇ ಜೈಲಿನಲ್ಲಿದ್ದರು. ಮಾನಸ ಮಾತ್ರ, ಪೊಲೀಸರು ಹಿಡಿದೊಯ್ದ ಮೇಲೆ ತಿರುಗಿ ಬಾರದವರ ಮನೆಮನೆಗೆ ಹೋಗಿ ಬರೆದುಕೊಳ್ಳುವುದನ್ನು ನಿಲ್ಲಿಸಿರಲಿಲ್ಲ.

ಅವರಲ್ಲಿ ಒಬ್ಬ ಅಮರೇಶ್, ಮಂಡಿ ಮೊಹಲ್ಲಾದ ಪ್ರಿಂಟಿಂಗ್ ಪ್ರೆಸ್ಸಿನವನು. ಸರ್ಕಾರವನ್ನು ಬೈಯುವ ಪೋಸ್ಟರ್ ಅಚ್ಚು ಹಾಕಿದ್ದ. ಮಹದೇವು ನಿವೃತ್ತರಾದ ತಿಂಗಳ ಹದಿನೆಂಟರ ಬೆಳಗ್ಗೆ ಇಲವಾಲದ ಹತ್ತಿರ ಸಿಕ್ಕಿಬಿದ್ದ, ಜೀಪಿನಿಂದ ಹಾರಿ ಸತ್ತ ಎಂದು ಪುಸ್ತಕ ಹೇಳುತ್ತಿತ್ತು. ಹದಿನೇಳರ ಸಂಜೆಯೇ ಪ್ರೆಸ್ಸಿನಿಂದ ಎಳೆದುಕೊಂಡು ಹೋದರು ಎಂದು ಅವನ ಅಕ್ಕ ಕುಸುಮ ಹೇಳುತ್ತಿದ್ದಳು. ಕೋರ್ಟಿನ ಕಾಗದಗಳಲ್ಲಿ ಸಿಕ್ಕಿದ ಈ ಪುಟವನ್ನು ನಿನ್ನೆ ಮಾನಸಳಿಗೆ ಕೊಟ್ಟವಳೂ ಅವಳೇ. ಹೆಸರು ಹಾಕಿ ಹೇಳುವ ಒಬ್ಬ ಸಾಕ್ಷಿ ಸಿಕ್ಕಿದರೆ ಮುಖಪುಟ, ಇಲ್ಲದಿದ್ದರೆ ಇಲ್ಲ ಎಂದಿದ್ದರು ಸಂಪಾದಕರು. ಒಬ್ಬನೂ ಸಿಕ್ಕಿರಲಿಲ್ಲ.

"ಇಲ್ನೋಡಪ್ಪ. ಹದಿನೇಳನೇ ತಾರೀಕು ಸಂಜೆ ಐದು ಗಂಟೆ ಹತ್ರ ಎರಡು ಸಾಲು ಖಾಲಿ. ನನ್ನ ಸ್ಕೂಲ್ ನೋಟ್‌ಬುಕ್ಕಲ್ಲೂ ಖಾಲಿ ಜಾಗ ಕಂಡ್ರೆ ಅಡ್ಡಗೆರೆ ಎಳೀತಿದ್ದೆ ನೀನು, ಯಾರಾದ್ರೂ ಏನಾದ್ರೂ ಸೇರಿಸ್ಬುಡ್ತಾರೆ ಅಂತ. ಅದಕ್ಕೆ ಮೇಷ್ಟ್ರು ನನ್ನ ಬೆಂಚಿನ ಮೇಲೆ ನಿಲ್ಲಿಸಿದ್ರು. ಇಲ್ಲಿ ಯಾಕೆ ಎಳೀಲಿಲ್ಲ?"

ಮಹದೇವು ಒಂದು ಕಾಳು ಹಿತುಕಿದರು. ಇನ್ನೊಂದು ಹಿತುಕಿದರು.

"ಆ ಹುಡುಗನ್ನ ಕರ್ಕೊಂಡ್ ಬಂದಾಗ ಪೆನ್ ತೆಗ್ದೆ. ಸಾಹೇಬ್ರು 'ಈಗ್ಬೇಡ ಮಹದೇವು' ಅಂದ್ರು. ಆಮೇಲೆ ಬರೆಸ್ತಾರೇನೋ ಅಂತ ಎರಡು ಸಾಲು ಬುಟ್ಟೆ. ಬರೆಸ್ಲೇ ಇಲ್ಲ. ಮಾರನೇ ದಿನ ಇಲವಾಲದ ಕಥೆ ಬರೆಸಿದ್ರು, ಬರೆದೆ. ಆ ಎರಡು ಸಾಲಿಗೆ ಗೆರೆ ಎಳೆಯೋಕೆ ಮಾತ್ರ ಕೈ ಬರ್ಲಿಲ್ಲ ಕಣವ್ವ."

ಇಷ್ಟು ದಿನ ಹುಡುಕುತ್ತಿದ್ದ ಸಾಕ್ಷಿ ಮನೆಯಲ್ಲೇ ಅವರೆಕಾಳು ಹಿತುಕುತ್ತಾ ಕೂತಿತ್ತು. ಮಾನಸ ಸಂತೋಷಪಡಬೇಕಿತ್ತು. ಇನ್‌ಸ್ಪೆಕ್ಟರು ಹೆದರಿಸಿದಾಗ ಹೆದರದವಳು, ಬೀದಿಯಲ್ಲಿ ಯಾರೋ ಬೈಕ್ ಅಡ್ಡ ಹಾಕಿದಾಗ ತಿರುಗಿ ಬಯ್ದವಳು, ಈಗ ಮೊಬೈಲ್ ಮಡಿಲಿಗೆ ಹಾಕಿಕೊಂಡು ಕೂತಳು. ಅಪ್ಪನೆಂದರೆ ಅವಳಿಗೆ ಪ್ರಾಣ.

"ಬೇಡ ಬುಡಪ್ಪ. ಬೇರೆ ಯಾರಾದ್ರೂ ಸಿಗ್ತಾರೆ."

"ಸಿಗಲ್ಲ. ಆ ಹುಡುಗನ ಅಕ್ಕ ನ್ಯಾಯ ಕೇಳ್ಕೊಂಡು ಮೂರು ದಿನ ಠಾಣೆ ಬಾಗ್ಲಲ್ಲಿ ನಿಂತಿದ್ಲು. ನಾನು ಮೂರು ದಿನವೂ ಹಿಂದಿನ ಬಾಗ್ಲಿಂದ ಓಡಾಡ್ದೆ. ಬರಕೋ."

"ನಿನ್ನ ಒಳಗೆ ಹಾಕ್ತಾರೆ ಕಣಪ್ಪ."

"ನಿನ್ನ ಬುಟ್ಬುಡ್ತಾರಾ? ಇಬ್ರೂ ಒಂದೇ ಜೀಪಲ್ಲಿ ಹೋಗನ. ಮುಂದಿನ ಸೀಟು ಮಾತ್ರ ನನ್ನದು. ಸೀನಿಯಾರಿಟಿ."

ಮಾನಸ ನಗಲು ಹೋಗಿ ಅತ್ತಳು. ಅತ್ತದ್ದಕ್ಕೆ ಅಪ್ಪ ರೇಗಿಸುವ ಮೊದಲೇ ಒಳಗೆ ಹೋಗಿ ನೋಟ್‌ಬುಕ್ ತಂದಳು. ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿ ನೆಲದ ಮೇಲಿಟ್ಟು, ಎದುರಿಗೆ ಚಕ್ಕಳಮಕ್ಕಳ ಕೂತಳು.

"ನಿಮ್ಮ ಹೆಸರು ಹೇಳಿ," ಅಂದಳು. ಹುಟ್ಟಿದ ಮೇಲೆ ಮೊದಲ ಸಲ ಅಪ್ಪನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದಳು.

ಮಹದೇವು ಕೈ ಒರೆಸಿಕೊಂಡು ಬೆನ್ನು ನೆಟ್ಟಗೆ ಮಾಡಿದರು. "ಮಹದೇವು, ಬಿನ್ ಲೇಟ್ ಸಣ್ಣಮಾದಯ್ಯ, ವಯಸ್ಸು ಅರವತ್ತು," ಎಂದು ಸಾವಿರ ಜನರಿಂದ ಹೇಳಿಸಿ ಬರೆದುಕೊಂಡಿದ್ದ ಕ್ರಮದಲ್ಲೇ ಹೇಳಿದರು. ಆಮೇಲೆ ಉಳಿದದ್ದನ್ನೂ ಹೇಳಿದರು. ಐದು ಗಂಟೆಗೆ ತಂದದ್ದು, ಹಿಂದಿನ ಕೋಣೆಗೆ ಹಾಕಿದ್ದು, ಒಳಗಿದ್ದವರು ಯಾರು ಯಾರು, ಹುಡುಗ ನೀರು ಕೇಳಿದ್ದು, ಎಂಟು ಗಂಟೆ ಹೊತ್ತಿಗೆ ಅವನ ಕೂಗು ನಿಂತದ್ದು. ಒಂದು ಹೆಸರನ್ನೂ ನುಂಗಲಿಲ್ಲ. ಮಾನಸ ತಲೆ ಎತ್ತದೆ ಬರೆದುಕೊಂಡಳು.

ಇನ್ನು ಒಂದೇ ಪ್ರಶ್ನೆ ಉಳಿದಿತ್ತು. ಎಲ್ಲ ಸಾಕ್ಷಿಗಳನ್ನೂ ಅವಳು ಕೇಳುವ ಪ್ರಶ್ನೆ. ಕೇಳದೆ ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಕೂಗು ನಿಂತ ಮೇಲೆ ನೀವೇನು ಮಾಡಿದಿರಿ?"

ಮಹದೇವು ಮಗಳ ಮುಖ ನೋಡಿದರು. ಅವಳು ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಡ್ಯೂಟಿ ಮುಗ್ದಿತ್ತು. ಮನೆಗೆ ಬಂದೆ," ಅಂದರು. "ನೀನೇ ಬಾಗ್ಲು ತೆಗ್ದೆ. ಯಾಕಪ್ಪ ಸಪ್ಪಗಿದ್ದೀಯ ಅಂದೆ. ನಾನು ತಲೆನೋವು ಅಂದೆ. ಊಟಕ್ಕೆ ಕೂತು, ಇನ್ನೊಂದು ಮುದ್ದೆ ಹಾಕಿಸ್ಕೊಂಡು ತಿಂದೆ."

ಮಾನಸಳ ಪೆನ್ನು ನಿಂತಿತು.

"ನಿಲ್ಲಿಸ್ಬೇಡ ಕೂಸೇ," ಅಂದರು ಅಪ್ಪ. "ಆ ಮುದ್ದೇನೂ ಬರಕೋ."