ಒಂಬತ್ತನೇ ಸಾಲು

"ಈ ಹನ್ನೆರಡು ಶಾಖೆಗಳಲ್ಲಿ ಮುಚ್ಚಬೇಕಾದ್ದು ಯಾವುದೋ ಅದಕ್ಕೆ ಕೆಂಪು ಗೆರೆ ಎಳೀರಿ," ಎಂದು ಮೇಷ್ಟ್ರು ಹೇಳಿ ಮುಗಿಸುವಷ್ಟರಲ್ಲಿ ಎಂಬಿಎ ತರಗತಿಯ ಪೆನ್ನುಗಳೆಲ್ಲ ಒಂಬತ್ತನೇ ಸಾಲಿನ ಮೇಲೆ ಹಾದುಹೋದವು. ಸರಿಯುತ್ತರವೇ. ಹದಿನೈದು ವರ್ಷದ ಹಿಂದೆ, ಬ್ಯಾಂಕಿನಲ್ಲಿದ್ದಾಗ, ಇದೇ ಪಟ್ಟಿಯಲ್ಲಿ ಅದೇ ಸಾಲನ್ನು ಅವರೂ ಹೊಡೆದುಹಾಕಿದ್ದರು.

ಕಿಟಕಿ ಪಕ್ಕದ ಹುಡುಗಿ ಮಾತ್ರ ಪೆನ್ನಿನ ಮುಚ್ಚಳ ತೆಗೆದಿರಲಿಲ್ಲ.

"ಯಾಕಮ್ಮ, ಲೆಕ್ಕ ತಲೆಗೆ ಹತ್ತಲಿಲ್ವಾ?"

"ಹತ್ತಿದೆ ಸರ್. ಬಾಡಿಗೆ ಇದೆ, ಠೇವಣಿ ಇದೆ, ಕರೆಂಟ್ ಬಿಲ್ಲೂ ಇದೆ. ಎಷ್ಟು ಜನ ಕೆಲಸ ಮಾಡ್ತಿದ್ರು ಅನ್ನೋದೇ ಇಲ್ವಲ್ಲ."

ಹಿಂದಿನ ಬೆಂಚು ಕಿಸಕ್ಕನೆ ನಕ್ಕಿತು. ಮೇಷ್ಟ್ರು ನಗಲಿಲ್ಲ.

"ಇತ್ತಮ್ಮ," ಎಂದರು. "ಮೇಲಿನವರು ಒಂದೇ ಪುಟದಲ್ಲಿ ಕೊಡಿ ಅಂದಿದ್ರು. ಎಲ್ಲಾ ಹಿಡೀಲಿಲ್ಲ. ಆ ಕಾಲಂ ನಾನೇ ತೆಗೆದೆ."

ಬೋರ್ಡಿನ ಮೇಲೂ ಬರೆದಿದ್ದ ಪಟ್ಟಿಯತ್ತ ತಿರುಗಿ, ಅದರ ಬಲಕ್ಕೆ ಮೇಲಿಂದ ಕೆಳಗಿನವರೆಗೆ ಒಂದು ಗೆರೆ ಎಳೆದು ಹೊಸ ಕಾಲಂ ಮಾಡಿದರು. ಹನ್ನೊಂದು ಶಾಖೆಗಳ ಅಂಕಿ ಅವರಿಗೆ ನೆನಪಿರಲಿಲ್ಲ, ಖಾಲಿ ಬಿಟ್ಟರು. ಒಂಬತ್ತನೆಯದರ ಎದುರು, ಯಾವ ಕಾಗದವನ್ನೂ ನೋಡದೆ, ಹದಿನಾಲ್ಕು ಎಂದು ಬರೆದರು.